ಸಂಬಳದ ಅಂಕಿಯನ್ನು ಮೊದಲು ಹೇಳಿದವರು ಸೋತಂತೆಯೇ?

‘ಇಂಟರ್‌ವ್ಯೂನಲ್ಲಿ ಎಷ್ಟು ಸಂಬಳ ಬೇಕು ಅಂತ ಕೇಳಿದರೆ ಬಾಯಿ ಬಿಡಬೇಡಿ. ಮೊದಲು ಅಂಕಿ ಹೇಳಿದವರು ಸೋತಂತೆ.’ ಉದ್ಯೋಗ ಮಾಹಿತಿಯ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ಜಾಸ್ತಿ ಕೇಳಿದರೆ ಆಫರ್ ಕ್ಯಾನ್ಸಲ್ ಆಗುತ್ತದೆ, ಕೊಟ್ಟಷ್ಟು ತಗೊಳ್ಳಿ.’ ಎರಡನ್ನೂ ನಂಬಿದವರು ಸುಮ್ಮನೆ ಸಹಿ ಹಾಕಿ ಬರುತ್ತಾರೆ. ಇವುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಹರಾಜಾಗುತ್ತದೆ. ಪಕ್ಕದ ಲಾಟ್ ಕೆಜಿಗೆ ಎಷ್ಟಕ್ಕೆ ಹೋಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅದೇ ರೈತರ ಮಗಳು ಬೆಂಗಳೂರಿಗೆ ಕೆಲಸ ಕೇಳಿಕೊಂಡು ಹೋದರೆ, ಪಕ್ಕದ ಕುರ್ಚಿಯವರ ಸಂಬಳ ಎಷ್ಟು ಎಂದು ಯಾರೂ ಹೇಳುವುದಿಲ್ಲ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಹಾಗೆ. ಅಲ್ಲಾದರೂ ಇಬ್ಬರಿಗೂ ದನದ ಬೆಲೆಯ ಅಂದಾಜು ಇರುತ್ತದೆ. ಇಲ್ಲಿ ಒಬ್ಬರಿಗೆ ಮಾತ್ರ.

ಮೊದಲು ಹೇಳಿದ ಅಂಕಿಗೆ ಬಲವಿದೆ ಎನ್ನುವುದು ನಿಜ. ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೊದಲು ಅಂಕಿಗಳ ಚಕ್ರವೊಂದನ್ನು ತಿರುಗಿಸಿದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನರ ಅಂದಾಜು 25ರ ಆಸುಪಾಸು, 65ಕ್ಕೆ ನಿಂತಾಗ 45ರ ಆಸುಪಾಸು. ಸಂಬಂಧವೇ ಇಲ್ಲದ ಅಂಕಿ ಕೂಡ ಮನಸ್ಸನ್ನು ತನ್ನತ್ತ ಎಳೆಯುತ್ತದೆ. ಚೌಕಾಸಿಯ ಬಗ್ಗೆಯೇ 2001ರಲ್ಲಿ ಬಂದ ಗಲಿನ್‌ಸ್ಕಿ ಮತ್ತು ಮುಸ್‌ವೈಲರ್ ಅವರ ಅಧ್ಯಯನದಲ್ಲಿ, ಮೊದಲು ಬೆಲೆ ಹೇಳಿದವರಿಗೇ ಹೆಚ್ಚು ಲಾಭವಾಗಿತ್ತು. ಅಂದರೆ ಫಾರ್ವರ್ಡ್ ಹೇಳುವುದು ಬಹುಮಟ್ಟಿಗೆ ತಿರುವುಮುರುವು. ಮಾರುಕಟ್ಟೆ ದರ ತಿಳಿದಿದ್ದರೆ ಮೊದಲು ಹೇಳುವುದೇ ಒಳ್ಳೆಯದು. ತಿಳಿಯದೆ ಕಡಿಮೆ ಹೇಳಿಬಿಟ್ಟರೆ ಮಾತ್ರ ಆ ಅಂಕಿಯೇ ನಮ್ಮನ್ನು ಕಟ್ಟಿಹಾಕುತ್ತದೆ. ಆಗ ‘ಈ ಹುದ್ದೆಗೆ ಎಷ್ಟು ಬಜೆಟ್ ಇಟ್ಟಿದ್ದೀರಿ ಸರ್?’ ಎಂದು ತಿರುಗಿ ಕೇಳುವುದು ವಾಸಿ.

ಇನ್ನೊಂದು ಅಂಕಿ ಇದಕ್ಕಿಂತ ಅಪಾಯಕಾರಿ: ಹಳೆಯ ಸಂಬಳ. ಗೌರಿಬಿದನೂರಿನಲ್ಲೋ ಚಿಂತಾಮಣಿಯಲ್ಲೋ 14,000 ರೂಪಾಯಿಗೆ ದುಡಿಯುತ್ತಿದ್ದವರಿಗೆ ‘30 ಪರ್ಸೆಂಟ್ ಹೈಕ್ ಕೊಡುತ್ತೇವೆ’ ಎಂದರೆ ಕೇಳಲು ಹಿತ. ಲೆಕ್ಕ ಹಾಕಿದರೆ 18,200. ಬೆಂಗಳೂರಿನಲ್ಲಿ ಅದೇ ಕೆಲಸಕ್ಕೆ ಬೇರೆಯವರಿಗೆ 25,000 ಸಿಗುತ್ತಿದ್ದರೆ, ಸಣ್ಣ ಊರಿನ ಕಡಿಮೆ ಸಂಬಳ ಬಸ್ಸು ಹತ್ತಿ ಅವರ ಜೊತೆಗೇ ಬಂದಂತಾಯಿತು. ಆಫರ್ ಕೊಡುವ ಮುನ್ನ ಹಳೆಯ ಸಂಬಳ ಕೇಳಬಾರದೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಹಾಗೆಂದು ಸುಳ್ಳು ಹೇಳಬೇಡಿ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ಎಲ್ಲವನ್ನೂ ಕೇಳುತ್ತಾರೆ. ‘ಆ ಕೆಲಸ ಬೇರೆ, ಊರೂ ಬೇರೆ. ಈ ಹುದ್ದೆಯ ಜವಾಬ್ದಾರಿಗೆ ತಕ್ಕಂತೆ ಮಾತಾಡೋಣ’ ಎನ್ನಬಹುದು.

ಮಾತು ಮುಗಿದು ‘ವರ್ಷಕ್ಕೆ 3 ಲಕ್ಷ ಸಿಟಿಸಿ’ ಎಂದರು ಎನ್ನಿ. ತಿಂಗಳಿಗೆ 25,000 ಎಂದು ಮನೆಯವರಿಗೆ ಫೋನ್ ಮಾಡುವ ಮೊದಲು ಒಂದು ಲೆಕ್ಕ ನೋಡಿ. ಸಿಟಿಸಿ ಎಂದರೆ ನಿಮಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು. ಬೇಸಿಕ್ 12,500 ಆದರೆ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,500. ಗ್ರಾಚ್ಯುಟಿಗೆ ಶೇ. 4.81ರಂತೆ 601. ವೇರಿಯಬಲ್ ಪೇ ಶೇ. 10 ಎಂದಿದ್ದರೆ 2,500. ಅದು ಪ್ರತಿ ತಿಂಗಳು ಬರುವ ಹಣವಲ್ಲ. ಸಂಬಳ 21,000 ದಾಟದ ಕಾರಣ ಇಎಸ್ಐ ಕೂಡ ಇದೆ. ಕಂಪನಿಯ ಪಾಲು ಶೇ. 3.25, ಅಂದರೆ 642. ಉಳಿದದ್ದು 19,757. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 1,500, ಇಎಸ್ಐ 148 ಕಳೆಯಿರಿ. ಕೈಗೆ ಬರುವುದು 18,109.

ಇದು ಮೋಸವೇನಲ್ಲ. ಪಿಎಫ್ ನಿಮ್ಮದೇ ಹಣ, ಇಎಸ್ಐನಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಆದರೆ ಪಿಜಿ ಬಾಡಿಗೆಯನ್ನು ಕಟ್ಟಬೇಕಾಗಿರುವುದು ಈ 18,109ರಲ್ಲೇ. ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಕೈಗೆ 15,000 ಸಿಕ್ಕು, ಮನೆಯೂಟ ಉಂಡು ಹೋಗಿಬರುವ ಕೆಲಸ ಇದ್ದರೆ, ಯಾವುದು ದೊಡ್ಡ ಸಂಬಳ? ನಮ್ಮ ಮಟ್ಟಿಗೆ, ಬೆಂಗಳೂರಿನ ಕೆಲಸದಲ್ಲಿ ಕಲಿಯುವುದು ಹೆಚ್ಚೇನೂ ಇಲ್ಲದಿದ್ದರೆ ಊರಿನದೇ ದೊಡ್ಡದು. ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷ ಸೇವೆ ಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ನಿಗದಿತ ಅವಧಿಗೆ ಸೇರಿದವರಿಗೆ 1 ವರ್ಷ ಸಾಕು.

ಇನ್ನು ಆಫರ್ ಕ್ಯಾನ್ಸಲ್ ಆಗುವ ಭಯ. ಹತ್ತಾರು ಜನರನ್ನು ನೋಡಿ ನಿಮ್ಮನ್ನು ಆರಿಸಿದ ಕಂಪನಿ, ವಿನಯದಿಂದ ಒಮ್ಮೆ ಕೇಳಿದ್ದಕ್ಕೆ ಸಾಮಾನ್ಯವಾಗಿ ‘ಆಗಲ್ಲ’ ಎನ್ನುತ್ತದೆ, ಅಷ್ಟೇ. ಕ್ಯಾಂಪಸ್‌ನಲ್ಲಿ ಒಟ್ಟಿಗೆ ನೂರಾರು ಜನರನ್ನು ತೆಗೆದುಕೊಳ್ಳುವಾಗ, ಹೊರಗುತ್ತಿಗೆ ಕೆಲಸಗಳಲ್ಲಿ ಸಂಬಳ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ಕೇಳಿಯೂ ಪ್ರಯೋಜನ ಕಡಿಮೆ. ಹೆಣ್ಣುಮಕ್ಕಳ ಅಳುಕಿಗೆ ಮಾತ್ರ ಬೇರೆಯೇ ಕಾರಣವಿದೆ. ಬೋಲ್ಸ್, ಬ್ಯಾಬ್‌ಕಾಕ್ ಮತ್ತು ಲಾಯ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಂಬಳ ಹೆಚ್ಚು ಕೇಳಿದ ಮಹಿಳೆಯರ ಜೊತೆ ಕೆಲಸ ಮಾಡಲು ಜನ ಹಿಂಜರಿದರು. ಅದೇ ಗಂಡಸರು ಕೇಳಿದಾಗ ಅಷ್ಟಾಗಿ ಅಲ್ಲ. ‘ಧೈರ್ಯವಾಗಿ ಕೇಳಮ್ಮ’ ಎಂದು ಫಾರ್ವರ್ಡ್ ಮಾಡುವವರು ಇದನ್ನೂ ತಿಳಿದಿರಬೇಕು. ಅದಕ್ಕಾಗಿ ಕೇಳುವುದನ್ನು ಬಿಡಬೇಕಿಲ್ಲ. ಅದೇ ಕಾಲೇಜಿನ ಸೀನಿಯರ್‌ಗಳು, ಅದೇ ಕಂಪನಿಯಲ್ಲಿರುವ ಊರಿನವರನ್ನು ವಿಚಾರಿಸಿ, ಮಾರುಕಟ್ಟೆ ದರವನ್ನು ಮುಂದಿಟ್ಟು ಕೇಳಿ.

ಕೆಲಸ ಕೊಡಲು ಡೆಪಾಸಿಟ್ ಅಥವಾ ‘ಟ್ರೈನಿಂಗ್ ಫೀಸ್’ ಕೇಳಿದರೆ ಚೌಕಾಸಿ ಮಾಡಲು ಹೋಗಬೇಡಿ, ಅದು ವಂಚನೆಯೇ ಇರಬಹುದು. ಹಣ ಕಟ್ಟಿ ಮೋಸಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

‘ಆರು ತಿಂಗಳಾದ ಮೇಲೆ ಜಾಸ್ತಿ ಮಾಡುತ್ತೇವೆ’ ಎಂದು ಫೋನಿನಲ್ಲಿ ಹೇಳಿದ್ದರೆ, ಆ ಸಾಲನ್ನು ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಸಿಟಿಸಿಯ ವಿವರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಅದು ಕೈಗೆ ಬಂದ ಮೇಲೆಯೇ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.