ಅಪ್ಪ ಹೆಗ್ಡೆಯವರನ್ನ ಮರೆತಿದ್ದೇಕೆ?

ಸಂತೋಷ್ ಹೆಗ್ಡೆ ಅಂದ್ರೆ ಚಿಕ್ಕನಾಯಕನಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಅದಿರು ಲಾರಿಗಳ ಧೂಳು ತೆಂಗಿನ ಗರಿ ಮೇಲೆ ಕೂತಿದ್ದನ್ನ ಕಂಡ ಸೀಮೆ ನಮ್ಮದು. ಅವರ ಲೋಕಾಯುಕ್ತ ವರದಿ ಬಂದ 2011ರಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ, ಆಮೇಲೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆದ್ರೆ ಅವರಪ್ಪನ ಹೆಸರು ಕೇಳಿ ನೋಡಿ, ಬೆಂಗಳೂರಿನ ಲಾ ಫರ್ಮ್‌ಗಳಲ್ಲಿರೋ ಹುಡುಗರೂ ತಡವರಿಸ್ತಾರೆ.

ಕೆ.ಎಸ್. ಹೆಗ್ಡೆ, ಕಾರ್ಕಳ ತಾಲ್ಲೂಕಿನ ಕೌಡೂರಿನವರು. 1957ರಲ್ಲಿ ಮೈಸೂರು ಹೈಕೋರ್ಟ್ ಜಡ್ಜ್, 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟ್. 24 ಏಪ್ರಿಲ್ 1973ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹಾಕಿದ್ದ ಕೇಸಿನ ತೀರ್ಪು ಬಂತು. ಸಂವಿಧಾನವನ್ನ ತಿದ್ದಬಹುದು, ಅದರ ಮೂಲ ಸ್ವರೂಪವನ್ನ ಕೆಡಿಸೋ ಹಾಗಿಲ್ಲ ಅಂತ 13 ಜಡ್ಜುಗಳಲ್ಲಿ 7 ಜನ ಹೇಳಿದ್ರು. ಅದರಲ್ಲಿ ಹೆಗ್ಡೆ ಒಬ್ಬರು. ಮಾರನೇ ದಿನವೇ ಸುದ್ದಿ: ಮುಂದಿನ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ. ಅವರಿಗಿಂತ ಸೀನಿಯರ್ ಆಗಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ಆ 7ರಲ್ಲಿದ್ದವರು, ರೇ ಉಳಿದ 6ರಲ್ಲಿ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದ್ರು.

ಪ್ರಮೋಷನ್ ಸಿಗಲಿಲ್ಲ, ಪೇಪರ್ ಹಾಕಿದ್ರು, ಅದೇನು ಮಹಾ ಅಂತೀರಾ? ಅಲ್ಲ ಸ್ವಾಮಿ, ನಿಮ್ಮ ಅಪ್ರೈಸಲ್ ಮಾಡೋನು ನಿಮ್ಮ ಮ್ಯಾನೇಜರ್. ಜಡ್ಜ್ ಅಪ್ರೈಸಲ್ ಮಾಡಿದ್ದು ಕೇಸಿನ ಎದುರು ಪಾರ್ಟಿ! ಊರಲ್ಲಿ ನಿಮ್ಮಪ್ಪನ ತೋಟ ರಸ್ತೆಗೆ ಹೋಗಿ, ಪರಿಹಾರಕ್ಕೆ ಹೈಕೋರ್ಟ್ ಹತ್ತಿದ್ರೆ ಅಲ್ಲಿ ಎದುರು ಪಾರ್ಟಿ ಯಾರು? ಸರ್ಕಾರವೇ. ಜಡ್ಜುಗಳ ಧೋರಣೆಯನ್ನೂ ನೋಡಿ ಆರಿಸ್ತೀವಿ ಅಂತ ಮಂತ್ರಿ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ರಾಜಾರೋಷವಾಗಿ ಸಮರ್ಥಿಸಿಕೊಂಡ್ರು.

ಹೆಗ್ಡೆ ಕೂಡ ರಾಜಕಾರಣಿಯೇ ಅನ್ನೋರಿದ್ದಾರೆ. ನಿಜ. ಜಡ್ಜ್ ಆಗೋ ಮುಂಚೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯ. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಗೆದ್ದು ಲೋಕಸಭೆಯ ಸ್ಪೀಕರ್ ಆದ್ರು. ನನಗೂ ಇದು ಪೂರ್ತಿ ಹಿಡಿಸೋದಿಲ್ಲ. ಆದ್ರೂ ಅವರು ಹೋಗಿದ್ದು ಜನರ ಹತ್ರ ಓಟು ಕೇಳೋಕೆ. ನಿವೃತ್ತಿಯಾದ ತಕ್ಷಣ ಸರ್ಕಾರ ಕೊಟ್ಟ ಕುರ್ಚಿಗೆ ಹಾರೋರನ್ನ ಇವರ ಪಕ್ಕ ನಿಲ್ಲಿಸಬೇಡಿ.

ಅದೆಲ್ಲಾ ಇಂದಿರಾ ಕಾಲದ ಕತೆ, ಈಗ ಕೊಲಿಜಿಯಂ ಇದೆ ಅಂತ ಸಮಾಧಾನ ಮಾಡ್ಕೋಬೇಡಿ. ಈಗಿನ ಆಯುಧ ವರ್ಗಾವಣೆ. ಇಶ್ರತ್ ಜಹಾನ್ ಪ್ರಕರಣವನ್ನ 2011ರಲ್ಲಿ ಸಿಬಿಐಗೆ ಕೊಟ್ಟ ಗುಜರಾತ್ ಹೈಕೋರ್ಟ್ ಪೀಠದಲ್ಲಿದ್ದವರು ಜಯಂತ್ ಪಟೇಲ್. 2016ರಲ್ಲಿ ಅವರನ್ನ ನಮ್ಮ ಹೈಕೋರ್ಟಿಗೆ ಕಳಿಸಿದ್ರು. 2017ರ ಸೆಪ್ಟೆಂಬರಿನಲ್ಲಿ, ಇನ್ನೇನು ಇಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗ್ತಾರೆ ಅನ್ನೋ ಹೊತ್ತಿಗೆ, ಅಲಹಾಬಾದಿಗೆ ಹೋಗಿ ಅಂದ್ರು. ನಿವೃತ್ತಿಗೆ ವರ್ಷವೂ ಇರಲಿಲ್ಲ. ಅವರೂ ರಾಜೀನಾಮೆ ಕೊಟ್ರು. ಕರ್ನಾಟಕದ ವಕೀಲರು ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ರು.

ತಾಲ್ಲೂಕಿನ ತಹಸೀಲ್ದಾರನ್ನ ಅವಧಿಗೆ ಮುಂಚೆ ಎತ್ತಂಗಡಿ ಮಾಡಿದ್ರೆ ಆತ ಕೆಎಟಿಗೆ ಹೋಗಿ ಕಾರಣ ಕೇಳಬಹುದು. ಹೈಕೋರ್ಟ್ ಜಡ್ಜನ್ನ ಎತ್ತಿದಾಗ ನಾಲ್ಕು ಸಾಲು ಕಾರಣ ಬರೆದು ಜನರ ಮುಂದಿಡೋಕೆ ಇವರಿಗೇನು ಕಷ್ಟ?