ನಮ್ಮ ಹೆಸರು ಮರೆತರೇನಂತೆ, ಚೌಕಾಬಾರ ಆಡೋಣ

"ಅಜ್ಜಿಗೆ ಅರಳು ಮರಳು ಕಣೋ, ಬಿಡು." ತುಮಕೂರಿನಲ್ಲಾಗಲಿ, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಊರುಗಳಲ್ಲಾಗಲಿ ನಾವೆಲ್ಲ ಕೇಳಿರೋ ಮಾತಿದು. ಅಲ್ಲಿಗೆ ಅಜ್ಜಿ ಒಳಕೋಣೆ ಸೇರಿದ ಹಾಗೆ. ಆಮೇಲೆ ಮದುವೆಗೂ ಕರ್ಕೊಂಡು ಹೋಗಲ್ಲ, ಜಾತ್ರೆಗೂ ಇಲ್ಲ.

ಡಿಮೆನ್ಷಿಯಾ ಅನ್ನೋದು ವಯಸ್ಸಿನ ಸಹಜ ಮರೆವಲ್ಲ, ಮೆದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದಿದೆ. ಹೆಚ್ಚಿನವರಿಗೆ ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಆದರೆ ಇದರ ಜೊತೆಗೆ ಬರುವ ಒಂಟಿತನವನ್ನು ಕಡಿಮೆ ಮಾಡೋಕೆ ನಾಲ್ಕು ಜನ ಸಾಕು.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಗುಂಪು ಚಿಕಿತ್ಸೆ ಇದೆ. ವಾರಕ್ಕೆ ಎರಡು ಸಲ, ಸುಮಾರು 45 ನಿಮಿಷ, ಒಟ್ಟು 14 ಕೂಟ. ಅಲ್ಲಿ ನಡೆಯೋದು ಹಾಡು, ಆಟ, ಊಟ-ತಿಂಡಿ ಮಾತು, ಹಳೇ ಕಾಲದ ಸುದ್ದಿ. ಇದಕ್ಕೆ ನಮ್ಮಲ್ಲಿ ಸಾಮಗ್ರಿ ಕಡಿಮೆಯೇ? ಚೌಕಾಬಾರ ಇದೆ, ಅಳಗುಳಿಮಣೆ ಇದೆ. ಹುಣಸೆಹಣ್ಣಿನ ಬೀಜ ಬಿಡಿಸೋದು, ಅವರೆಕಾಳು ಹಿತಕೋದು ಕೈಗೆ ಮರೆತಿರೋದಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನಾಟಕ ನೋಡಿದವರು ಎಂಬತ್ತು ದಾಟಿದವರಲ್ಲಿ ಇನ್ನೂ ಇರಬಹುದು. ಒಂದು ರಂಗಗೀತೆ ಹಾಕಿ ನೋಡಿ. ಕುಣಿಗಲ್ ಕೆರೆಯ ಜನಪದ ಹಾಡು ಎತ್ತಿಕೊಂಡರೆ ದನಿಗೂಡಿಸೋರು ಸಿಕ್ಕೇ ಸಿಗ್ತಾರೆ.

"ಮುಂದಿನ ವಾರ ಹೋದ್ರೆ ನಾವ್ಯಾರಂತಲೇ ಗೊತ್ತಿರಲ್ಲ, ಏನು ಪ್ರಯೋಜನ?" ಅಂತ ಕೇಳಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲ್‌ಝೈಮರ್ ಇರುವವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಯಿತು, ಅದು ತಂದ ಖುಷಿ ಅಥವಾ ದುಃಖ ಮಾತ್ರ ಉಳಿದಿತ್ತು. ನಮ್ಮ ಹೆಸರು ಅವರಿಗೆ ನೆನಪಿರಲೇಬೇಕು ಅನ್ನೋದು ನಮ್ಮ ಆಸೆ, ಅವರ ಅಗತ್ಯವಲ್ಲ.

ಹಾಗಾಗಿ "ನಾನ್ಯಾರು ಹೇಳಿ ನೋಡೋಣ" ಅಂತ ವೈವಾ ಮಾಡೋದು ಬೇಡ. ಆಟದ ನಿಯಮ ತಪ್ಪಿದರೆ ತಪ್ಪಲಿ. ಗುಂಪು ಚಿಕ್ಕದಿರಲಿ, ಪ್ರತಿಸಲ ಅದೇ ಜಾಗ, ಅದೇ ಸಮಯ ಇರಲಿ, ಗದ್ದಲ ಬೇಡ. ಮೊದಲ ಕೆಲವು ಸಲ ಮನೆಯವರೊಬ್ಬರು ಪಕ್ಕದಲ್ಲಿರಲಿ. ಆಮೇಲೆ ಹಗಲೂ ರಾತ್ರಿ ನೋಡಿಕೊಳ್ಳೋ ಅವರಿಗೂ ಒಂದೆರಡು ತಾಸು ಬಿಡುವು ಸಿಗುತ್ತದೆ.

ಹ್ಯಾಕಥಾನ್ ಬಂದರೆ ಸಾಕು, ನಾವು ಹಿರಿಯರಿಗೆ ಮಾತ್ರೆ ನೆನಪಿಸೋ ಆ್ಯಪ್ ಮಾಡ್ತೀವಿ. ಮಾಡೋಣ, ಬೇಡ ಅನ್ನಲ್ಲ. ಆದರೆ ಆ್ಯಪ್ ಎದುರಿಗೆ ಕೂತು ಕವಡೆ ಹಾಕಲ್ಲ. ನಮ್ಮ ಕನ್ನಡ ಸಂಘ ಶನಿವಾರ ಮಧ್ಯಾಹ್ನದ ಎರಡು ತಾಸನ್ನು ಇದಕ್ಕೆ ಮೀಸಲಿಡಬೇಕು. ನಮ್ಮ ನಮ್ಮ ಬೀದಿಯ ಒಂದೊಂದು ಮನೆಯಿಂದಲೇ ಶುರು ಮಾಡಬಹುದು.