ಸಾಲದ ಲೆಕ್ಕವೂ ಪಂಡಿತರ ಪ್ರಮಾಣವೂ

ಬೊಕ್ಕಸದಿಂದ ಹೊರಡುವ ಪ್ರತಿಯೊಂದು ಕಾಸಿಗೂ ರಸೀದಿ ಬೇಕು, ರಸೀದಿಗೆ ತನಿಖೆ ಬೇಕು ಎಂಬುದು ಆಡಳಿತದ ಮೊದಲನೆಯ ಪಾಠ. ತಾಲ್ಲೂಕು ಖಜಾನೆಯ ಗುಮಾಸ್ತನು ಬರೆದ ಲೆಕ್ಕವನ್ನು ಸಹ ಮೇಲಧಿಕಾರಿಯು ನೋಡದೆ ಒಪ್ಪುವುದಿಲ್ಲ. ಹೀಗಿರಲು, ಕೋಟ್ಯವಧಿ ಜನರ ಉದ್ಯೋಗಕ್ಕೆ ಸಂಬಂಧಿಸಿದ ಅಂಕಿಯೊಂದು ಬಹಿರಂಗ ತನಿಖೆಯಿಲ್ಲದೆಯೇ ಮೂರು ವರ್ಷಗಳ ಕಾಲ ಯೂರೋಪು ಅಮೆರಿಕಗಳ ರಾಜಕಾರಣದಲ್ಲಿ ಮೆರೆಯಿತೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು.

೨೦೧೦ನೆಯ ಇಸವಿಯಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಖ್ಯಾತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧವನ್ನು ಪ್ರಕಟಿಸಿದರು. ೧೯೪೬ರಿಂದ ೨೦೦೯ರವರೆಗೆ ೨೦ ಮುಂದುವರಿದ ದೇಶಗಳ ಸ್ಥಿತಿಯನ್ನು ಪರಿಶೀಲಿಸಿ, ಸರಕಾರದ ಸಾಲವು ದೇಶದ ವಾರ್ಷಿಕ ಉತ್ಪನ್ನದ ಶೇಕಡಾ ೯೦ನ್ನು ಮೀರಿದಲ್ಲಿ ಬೆಳವಣಿಗೆಯ ಸರಾಸರಿಯು ಸೊನ್ನೆಗಿಂತಲೂ ಕೆಳಗೆ, ಅಂದರೆ ಶೇಕಡಾ ೦.೧ರಷ್ಟು ಇಳಿತಕ್ಕೆ ಬರುವುದೆಂದು ಅವರು ತೋರಿಸಿದರು. ಆಗ ಹಣಕಾಸಿನ ಕುಸಿತದಿಂದ ರಾಷ್ಟ್ರಗಳೆಲ್ಲ ಸಾಲದಲ್ಲಿ ಮುಳುಗಿದ್ದವು. ವೆಚ್ಚವನ್ನು ಕಡಿಯಬೇಕೆಂಬ ಪಕ್ಷದವರಿಗೆ ಈ ಅಂಕಿಯು ಶಾಸ್ತ್ರಪ್ರಮಾಣವೇ ಆಯಿತು. ಅಮೆರಿಕದ ಪ್ರತಿನಿಧಿಸಭೆಯ ಆಯವ್ಯಯ ಸಮಿತಿಯ ಅಧ್ಯಕ್ಷರಾಗಿದ್ದ ಪಾಲ್ ರಯಾನರೂ, ಐರೋಪ್ಯ ಆಯೋಗದ ಆರ್ಥಿಕ ವ್ಯವಹಾರಗಳನ್ನು ನೋಡುತ್ತಿದ್ದ ಓಲಿ ರೆನ್ನರೂ ಇದನ್ನು ಆಧಾರವಾಗಿ ಉದಾಹರಿಸಿದರು.

ತನಿಖೆ ನಡೆದುದು ೨೦೧೩ರಲ್ಲಿ; ನಡೆಸಿದವನು ಒಬ್ಬ ವಿದ್ಯಾರ್ಥಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಈ ಲೆಕ್ಕವನ್ನು ಮರಳಿ ಮಾಡಲು ಹೊರಟು, ಉತ್ತರವು ಕೂಡದಿರಲು, ಕರ್ತೃಗಳಿಂದಲೇ ಮೂಲ ಕೋಷ್ಟಕವನ್ನು ತರಿಸಿದನು. ಸರಾಸರಿ ತೆಗೆಯುವಾಗ ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಎಂಬ ಐದು ದೇಶಗಳ ಸಾಲುಗಳು ಕೈತಪ್ಪಿನಿಂದ ಹೊರಗುಳಿದಿದ್ದವು. ಕೆಲವು ದೇಶಗಳ ಕೆಲವು ವರ್ಷಗಳನ್ನು ಸೇರಿಸಿಯೇ ಇರಲಿಲ್ಲ. ಇದರ ಮೇಲೆ, ಬ್ರಿಟನ್ನಿನ ೧೯ ವರ್ಷಗಳ ಅನುಭವಕ್ಕೂ ನ್ಯೂಜಿಲೆಂಡಿನ ೧೯೫೧ರ ಒಂದೇ ದುರ್ವರ್ಷಕ್ಕೂ ಸಮಾನ ತೂಕವನ್ನು ಕೊಡಲಾಗಿತ್ತು. ತನ್ನ ಗುರುಗಳಾದ ಮೈಕೇಲ್ ಆ್ಯಶ್ ಮತ್ತು ರಾಬರ್ಟ್ ಪೊಲಿನ್ನರೊಡನೆ ಆತನು ತಿದ್ದಿದ ಲೆಕ್ಕದಂತೆ ಸರಾಸರಿಯು ಶೇಕಡಾ ೨.೨ರ ಏರಿಕೆ. ೬೦ರಿಂದ ೯೦ರವರೆಗಿನ ಸಾಲದಲ್ಲಿ ಅದು ೩.೨. ಇಳಿತವುಂಟು, ಪ್ರಪಾತವಿಲ್ಲ.

ಪಂಡಿತರು ಕೋಷ್ಟಕದ ತಪ್ಪನ್ನು ಒಪ್ಪಿಕೊಂಡರು. ಅಧಿಕ ಸಾಲವಿದ್ದಲ್ಲಿ ಬೆಳವಣಿಗೆ ಮಂದವೆಂಬ ತಮ್ಮ ಮಾತನ್ನು ಮಾತ್ರ ಬಿಡಲಿಲ್ಲ. ಅದನ್ನು ನಾವೂ ತಳ್ಳಿಹಾಕುವುದಿಲ್ಲ. ಆದರೆ ಸಾಲದಿಂದ ಮಾಂದ್ಯವೋ, ಮಾಂದ್ಯದಿಂದ ಸಾಲವೋ ಎಂಬ ಪ್ರಶ್ನೆಗೆ ಸರಾಸರಿಯು ಉತ್ತರ ಕೊಡಲಾರದು. ಜಪಾನಿನಲ್ಲಿ ೧೯೯೦ರ ದಶಕದ ಆರಂಭದಲ್ಲಿ ಮೊದಲು ಕುಗ್ಗಿದುದು ಬೆಳವಣಿಗೆ. ಸಾಲದ ಬೆಟ್ಟವು ಬೆಳೆದುದು ಅನಂತರ. ಕಾರಣವನ್ನೂ ಕಾರ್ಯವನ್ನೂ ಅದಲುಬದಲು ಮಾಡಿದ ವೈದ್ಯನು ಬಡಕಲಾದ ರೋಗಿಗೆ ಉಪವಾಸವನ್ನೇ ವಿಧಿಸುವನು.

ಗ್ರೀಸ್ ದೇಶದ ಕಷ್ಟಕ್ಕೆ ಈ ಪ್ರಬಂಧವೇ ಕಾರಣವೆನ್ನುವುದು ನ್ಯಾಯವಲ್ಲ; ಅದಕ್ಕೆ ಸಾಲ ಕೊಡುವವರೇ ಇಲ್ಲದಂತಾಗಿತ್ತು. ಆದರೂ ೨೦೧೩ರಲ್ಲಿ ಅಲ್ಲಿ ದುಡಿಯಬಯಸುವ ನೂರು ಮಂದಿಯಲ್ಲಿ ೨೭ ಮಂದಿಗೆ ಕೆಲಸವಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಒಲಿವಿಯೇ ಬ್ಲಾಂಷಾರ್ ಮತ್ತು ಡೇನಿಯಲ್ ಲೀ, ಕಡಿತದಿಂದ ಉತ್ಪನ್ನಕ್ಕಾಗುವ ಹಾನಿಯನ್ನು ಮುನ್ನಂದಾಜುಗಾರರು ತೀರ ಕಡಿಮೆಯೆಂದು ಎಣಿಸಿದ್ದರೆಂದು ತೋರಿಸಿದರು. ಅಂಕಿಯ ತಪ್ಪನ್ನು ಹಾಳೆಯ ಮೇಲೆ ತಿದ್ದಬಹುದು. ಕೆಲಸವಿಲ್ಲದೆ ಕಳೆದ ಯೌವನವನ್ನು ಯಾವ ತಿದ್ದುಪಡಿಯೂ ಮರಳಿ ತಾರದು.

ಇದು ಪರದೇಶದ ಮಾತೆಂದು ನಾವು ಉಪೇಕ್ಷಿಸುವಂತಿಲ್ಲ. ವಿತ್ತೀಯ ಹೊಣೆಗಾರಿಕೆಯನ್ನು ಶಾಸನ ಮಾಡಿಕೊಂಡ ಭಾರತದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ೨೦೦೨ರ ಆ ಶಾಸನವು ಕೊರತೆಯನ್ನು ರಾಜ್ಯದ ಉತ್ಪನ್ನದ ಶೇಕಡಾ ೩ಕ್ಕೆ ಇಳಿಸುವ ಗುರಿಯನ್ನು ಹಾಕಿತು. ಕೇಂದ್ರದ ಶಾಸನವು ೨೦೦೩ರಲ್ಲಿ ಬಂದಿತು. ಮಿತಿ ಬೇಕೆಂಬುದರಲ್ಲಿ ಸಂಶಯವಿಲ್ಲ. ಮಿತಿಯಿಲ್ಲದ ಸಾಲವು ಮಕ್ಕಳ ತಲೆಯ ಮೇಲೆ ಹೊರಿಸಿದ ಕಂದಾಯವೇ ಸರಿ. ಆದರೆ ನಾಲೆಗಾಗಿ ತಂದ ಸಾಲವೂ, ನಿತ್ಯದ ಸಂಬಳಕ್ಕಾಗಿ ತಂದ ಸಾಲವೂ ಒಂದೇ ಅಲ್ಲ. ಸುಭಿಕ್ಷದ ವರ್ಷದ ಕೊರತೆಯೂ ಬರಗಾಲದ ಕೊರತೆಯೂ ಒಂದೇ ಅಲ್ಲ. ಈ ವಿವೇಚನೆಯನ್ನು ಯಾವ ಅಂಕಿಯೂ ತಾನಾಗಿ ಮಾಡಲಾರದು. ಅದು ಶಾಸನಸಭೆಯ ಕೆಲಸ.

ಆದುದರಿಂದ, ಪಂಡಿತರ ಮಾತನ್ನು ಆಧಾರವಾಗಿಟ್ಟುಕೊಂಡು ಜನತೆಯ ವೆಚ್ಚವನ್ನು ಕಡಿಯಲಿಕ್ಕಾಗಲಿ ಹೆಚ್ಚಿಸಲಿಕ್ಕಾಗಲಿ ಹೊರಡುವ ಸರಕಾರವು ಆ ಮಾತಿನ ಹಿಂದಿನ ಲೆಕ್ಕವನ್ನೂ ಜನತೆಯ ಮುಂದಿಡಬೇಕು. ಒಬ್ಬ ವಿದ್ಯಾರ್ಥಿಯು ಕೇಳಿದ್ದನ್ನು ಶಾಸನಸಭೆಗಳು ಕೇಳದೆ ಹೋದುದೇ ಈ ಪ್ರಕರಣದ ನಾಚಿಕೆಗೇಡು. ಅಂಥ ನಾಚಿಕೆಯು ನಮ್ಮ ಸಭೆಗಳ ಪಾಲಿಗೆ ಬಾರದಿರಲಿ.